ಹದಿನಾಲ್ಕು ವಾರ, ಒಂದು ಸೆಕೆಂಡು

ಕಾರ್ತಿಕ ಕಳೆಯುವ ಹೊತ್ತಿಗೆ ಸೇಲಂ, ಧರ್ಮಪುರಿ ಕಡೆಯ ಊರುಗಳಲ್ಲಿ ನಾಯಿಮರಿಗಳ ಸುಗ್ಗಿ. ಮಳೆಗಾಲದಲ್ಲಿ ಬೆದೆಗೆ ಬಂದ ಬೀದಿನಾಯಿಗಳು ಒಂಬತ್ತು ವಾರ ಹೊತ್ತು, ಹೆಚ್ಚಾಗಿ ಚಳಿಗೆ ಸರಿಯಾಗಿ ಮರಿ ಹಾಕುತ್ತವೆ. ಹುಣಿಸೆಮರದ ಬೇರಿನ ಸಂದು, ಕೆಲಸ ನಿಂತ ಕಟ್ಟಡದ ಮೆಟ್ಟಿಲ ಕೆಳಗು, ಸಾಬಕ್ಕಿ ಕಾರ್ಖಾನೆಯ ಹಿತ್ತಿಲು, ಎಲ್ಲಿ ನೋಡಿದರೂ ಕುಂಯ್‌ಗುಡುವ ನಾಲ್ಕೈದು ಮರಿಗಳು. ಶಾಲೆ ಬಿಟ್ಟು ಬರುವ ಹುಡುಗನೊಬ್ಬ ಅದರಲ್ಲೊಂದನ್ನು ಅಂಗಿಯೊಳಗೆ ಸೇರಿಸಿಕೊಂಡು ಮನೆಗೆ ತರುತ್ತಾನೆ. ಅವ್ವ ಬೈಯುತ್ತಾಳೆ, ಅಜ್ಜಿ ಹಾಲು ಹುಯ್ಯುತ್ತಾಳೆ, ಮರಿ ಉಳಿದುಬಿಡುತ್ತದೆ. ಸೇಲಂ ಪೇಟೆಯಲ್ಲಿ ಸಾವಿರಾರು ರೂಪಾಯಿ ಕೊಟ್ಟು ಲ್ಯಾಬ್ರಡಾರ್ ತರುವವರೂ ಈಗ ಬೇಕಾದಷ್ಟು ಜನ. ಎರಡೂ ಮನೆಗಳಲ್ಲಿ ಕೆಲವು ತಿಂಗಳಿಗೆ ಒಂದೇ ಪ್ರಶ್ನೆ ಏಳುತ್ತದೆ: ಇದಕ್ಕೆ ಟ್ರೈನಿಂಗ್ ಯಾವಾಗ ಶುರು ಮಾಡೋದು?

ಆ ಪ್ರಶ್ನೆ ಏಳುವ ಹೊತ್ತಿಗೆ ಟ್ರೈನಿಂಗಿನ ಅರ್ಧ ಭಾಗ ಮುಗಿದಿರುತ್ತದೆ. ನಾಯಿಯ ಕಲಿಕೆ ಎರಡು ಗಡಿಯಾರಗಳಿಗೆ ಕಟ್ಟುಬಿದ್ದದ್ದು. ಒಂದು ವಾರಗಳನ್ನು ಎಣಿಸುತ್ತದೆ, ಹದಿನಾಲ್ಕರ ಹತ್ತಿರ ಬಂದು ನಿಲ್ಲುತ್ತದೆ. ಇನ್ನೊಂದು ಸೆಕೆಂಡುಗಳನ್ನು ಎಣಿಸುತ್ತದೆ, ನಾಯಿ ಬದುಕಿರುವಷ್ಟು ಕಾಲವೂ ಓಡುತ್ತಿರುತ್ತದೆ. ನಾವು ಬೇಸತ್ತು ಹೇಳುವ 'ಹೇಳಿದ ಮಾತು ಕೇಳೋದಿಲ್ಲ' ಎಂಬ ದೂರುಗಳಲ್ಲಿ ಹೆಚ್ಚಿನವು ಈ ಎರಡರಲ್ಲಿ ಒಂದನ್ನು ತಪ್ಪಾಗಿ ಓದಿದ್ದರಿಂದ ಬಂದವು.

ಮೊದಲನೆಯದನ್ನು ಓದಬೇಕಾದರೆ ಮರಿಯ ವಯಸ್ಸು ಗೊತ್ತಿರಬೇಕು. ಬೀದಿಮರಿಗೆ ಜಾತಕ ಇರುವುದಿಲ್ಲ, ಆದರೆ ಗುರುತುಗಳಿವೆ. ಎರಡನೇ ವಾರದ ಸುಮಾರಿಗೆ ಕಣ್ಣು ಬಿಡುತ್ತದೆ, ಮೂರನೇ ವಾರದಲ್ಲಿ ಕಿವಿ ತೆರೆದು ಹಾಲುಹಲ್ಲು ಮೂಡತೊಡಗುತ್ತದೆ, ಎಂಟು ವಾರಕ್ಕೆ ಹಾಲುಹಲ್ಲೆಲ್ಲ ಬಂದಿರುತ್ತವೆ, ನಾಲ್ಕನೇ ತಿಂಗಳ ಹೊತ್ತಿಗೆ ಮುಂದಿನವು ಉದುರಿ ಗಟ್ಟಿಹಲ್ಲು ಬರುತ್ತವೆ. 'ಕಣ್ಣು ಬಿಟ್ಟ ಕೂಡಲೇ ತಂದರೆ ಕೈಗೆ ಚೆನ್ನಾಗಿ ಒಗ್ಗುತ್ತೆ' ಎಂದು ನಂಬಿ ತಿಂಗಳು ತುಂಬುವ ಮೊದಲೇ ತಾಯಿಯಿಂದ ಕಿತ್ತು ತರುವವರಿದ್ದಾರೆ. ಇದು ಒಳ್ಳೆಯದಲ್ಲ. 2011ರಲ್ಲಿ ಪ್ರಕಟವಾದ ಇಟಲಿಯ ಅಧ್ಯಯನವೊಂದು 30ರಿಂದ 40 ದಿನಕ್ಕೆ ತಾಯಿಯನ್ನು ಬಿಟ್ಟ ಮರಿಗಳನ್ನೂ ಎರಡು ತಿಂಗಳು ತಾಯಿಯ ಜತೆಗಿದ್ದ ಮರಿಗಳನ್ನೂ ದೊಡ್ಡವಾದ ಮೇಲೆ ಹೋಲಿಸಿ ನೋಡಿತು. ಬೇಗ ಬಿಟ್ಟವುಗಳಲ್ಲಿ ಅತಿಯಾಗಿ ಬೊಗಳುವುದು, ದಾರಿಯಲ್ಲಿ ಹೆದರುವುದು, ಮನೆಯ ಸಾಮಾನು ಕಡಿದು ಹಾಳುಮಾಡುವುದು ಎದ್ದು ಕಾಣುವಷ್ಟು ಹೆಚ್ಚಿತ್ತು. ಕಚ್ಚುವಾಗ ಎಷ್ಟು ಬಲ ಹಾಕಬೇಕು ಎನ್ನುವುದನ್ನು ಮರಿ ಕಲಿಯುವುದೇ ಒಡಹುಟ್ಟುಗಳ ಜತೆ. ಜೋರಾಗಿ ಕಚ್ಚಿದರೆ ಆಚೆಯ ಮರಿ ಕಿರುಚಿ ಆಟ ಬಿಟ್ಟುಹೋಗುತ್ತದೆ. ಈ ಪಾಠವನ್ನು ನಾವು ಮನುಷ್ಯರು ಅಷ್ಟು ಚೆನ್ನಾಗಿ ಹೇಳಿಕೊಡಲಾರೆವು. ಎಂಟನೇ ವಾರ ಮರಿ ತರಲು ಸರಿಯಾದ ಕಾಲ.

ಸೇಲಂ ಜಿಲ್ಲೆಯನ್ನು ಒಡೆದು ಧರ್ಮಪುರಿ ಜಿಲ್ಲೆ ಮಾಡಿದ ವರ್ಷವೇ, 1965ರಲ್ಲಿ, ಅಮೆರಿಕದ ಜಾನ್ ಪಾಲ್ ಸ್ಕಾಟ್ ಮತ್ತು ಜಾನ್ ಫುಲ್ಲರ್ ನಾಯಿಗಳ ಬಗ್ಗೆ ಒಂದು ದಪ್ಪ ಪುಸ್ತಕ ಹೊರತಂದರು. ಮೇಯ್ನ್ ರಾಜ್ಯದ ಬಾರ್ ಹಾರ್ಬರಿನ ಪ್ರಯೋಗಾಲಯದಲ್ಲಿ ಐದು ತಳಿಗಳನ್ನು ಹತ್ತು ವರ್ಷಕ್ಕೂ ಮೀರಿ ಸಾಕಿ ನೋಡಿದ ಫಲ ಅದು. ಮರಿ ಯಾರನ್ನು ತನ್ನವರೆಂದು ಎಣಿಸಬೇಕು, ಯಾವುದಕ್ಕೆ ಹೆದರಬೇಕಿಲ್ಲ ಎಂಬುದನ್ನು ಮೂರನೇ ವಾರದಿಂದ ಹನ್ನೆರಡು ಹದಿನಾಲ್ಕನೇ ವಾರದೊಳಗೆ ತೀರ್ಮಾನಿಸಿಬಿಡುತ್ತದೆ ಎಂಬುದು ಅವರು ಕಂಡ ದೊಡ್ಡ ವಿಷಯ. ಅದೇ ಪ್ರಯೋಗಾಲಯದಲ್ಲಿ 1961ರಲ್ಲಿ ನಡೆದದ್ದು ಇನ್ನೂ ಖಡಕ್ಕಾದ ಪರೀಕ್ಷೆ. ಎತ್ತರದ ಬೇಲಿ ಹಾಕಿದ ಹೊಲದಲ್ಲಿ ಮರಿಗಳನ್ನು ಮನುಷ್ಯರ ಮುಖ ಕಾಣದಂತೆ ಬೆಳೆಸಿ, ಕೆಲವನ್ನು ಎರಡನೇ ವಾರದಲ್ಲಿ, ಕೆಲವನ್ನು ಐದರಲ್ಲಿ, ಕೆಲವನ್ನು ಏಳರಲ್ಲಿ ಒಂದೊಂದು ವಾರ ಮಾತ್ರ ಮನುಷ್ಯರ ಬಳಿ ತಂದು ಆಡಿಸಿ ಮತ್ತೆ ಹೊಲಕ್ಕೆ ಬಿಟ್ಟರು. ಐದರಿಂದ ಒಂಬತ್ತನೇ ವಾರದ ನಡುವೆ ಆ ಒಂದು ವಾರ ಸಿಕ್ಕ ಮರಿಗಳು ಮುಂದೆ ಮನುಷ್ಯರಿಗೆ ಒಗ್ಗಿದವು. ಹದಿನಾಲ್ಕನೇ ವಾರದವರೆಗೆ ಮನುಷ್ಯರನ್ನೇ ಕಾಣದವು ಕಾಡುಪ್ರಾಣಿಗಳಂತೆ ನಡೆದುಕೊಂಡವು.

ಪುಸ್ತಕ ಬರುವುದಕ್ಕೆ ಬಹಳ ಮೊದಲೇ ಕುರಿಗಾಹಿಗಳಿಗೆ ಇದು ಗೊತ್ತಿತ್ತು. 1839ರಲ್ಲಿ ಅಚ್ಚಾದ ತನ್ನ ಪ್ರವಾಸದ ದಿನಚರಿಯಲ್ಲಿ ಚಾರ್ಲ್ಸ್ ಡಾರ್ವಿನ್, ಇಂದಿನ ಉರುಗ್ವೆಯಲ್ಲಿ ಕಂಡ ಕುರಿಕಾವಲಿನ ನಾಯಿಗಳ ಬಗ್ಗೆ ಬರೆದಿದ್ದಾನೆ. ಅಲ್ಲಿಯವರು ಎಳೆಯ ಮರಿಯನ್ನು ತಾಯಿಯಿಂದ ಬಿಡಿಸಿ ದಿನಕ್ಕೆ ಮೂರುನಾಲ್ಕು ಸಲ ಕುರಿಯ ಹಾಲು ಕುಡಿಸುತ್ತಿದ್ದರು, ಕುರಿದೊಡ್ಡಿಯಲ್ಲೇ ಉಣ್ಣೆಯ ಹಾಸು ಮಾಡಿ ಮಲಗಿಸುತ್ತಿದ್ದರು, ಬೇರೆ ನಾಯಿಗಳ ಜತೆ ಸೇರಗೊಡುತ್ತಿರಲಿಲ್ಲ. ದೊಡ್ಡದಾದ ಮೇಲೆ ಆ ನಾಯಿ ಮಂದೆಯನ್ನು ಬಿಟ್ಟು ಹೋಗುತ್ತಿರಲಿಲ್ಲ. 1970ರ ದಶಕದ ಕೊನೆಯಿಂದ ರೇಮಂಡ್ ಮತ್ತು ಲೋರ್ನಾ ಕಾಪಿಂಜರ್ ದಂಪತಿ ಅಮೆರಿಕದ ಹ್ಯಾಂಪ್‌ಶೈರ್ ಕಾಲೇಜಿನಲ್ಲಿ ಇದನ್ನೇ ಹಿಡಿದು ವರ್ಷಗಟ್ಟಲೆ ಕೆಲಸ ಮಾಡಿದರು. ಕಾವಲುನಾಯಿಗೆ 'ಕುರಿ ಹಿಡಿಯಬೇಡ' ಎಂದು ಯಾರೂ ಕಲಿಸಬೇಕಾಗಿಲ್ಲ. ನಾಲ್ಕರಿಂದ ಹದಿನಾಲ್ಕನೇ ವಾರದವರೆಗೆ ಕುರಿಗಳ ನಡುವೆ ಇಟ್ಟರೆ ಅವೇ ಅದರ ಬಳಗ.

ಮೆಟ್ಟೂರಿನ ಆಸುಪಾಸಿನ ಮೇಚೇರಿ ಕುರಿ ಗೊತ್ತಿರಬಹುದು. ಉಣ್ಣೆಯಿಲ್ಲದ, ತಿಳಿಗಂದು ಮೈಯ, ಚರ್ಮಕ್ಕೆ ಹೆಸರಾದ ತಳಿ. ಸೇಲಂ ಜಿಲ್ಲೆಯ ಪೊಟ್ಟನೇರಿಯಲ್ಲಿ ಅದಕ್ಕೆಂದೇ ಸಂಶೋಧನಾ ಕೇಂದ್ರವಿದೆ. ಪೆನ್ನಾಗರದ ಕಡೆಯ ಆಲಂಬಾಡಿ ದನಕ್ಕೂ ತಳಿಯೆಂಬ ಹೆಸರು ಉಂಟು. ಈ ಮಂದೆಗಳ ಹಿಂದೆ ನಡೆಯುವ ನಾಯಿಗೆ ಮಾತ್ರ ಹೆಸರಿಲ್ಲ, ಅದು ಬರೀ ನಾಟಿ ನಾಯಿ. ಆದರೆ ದೊಡ್ಡಿಯ ಪಕ್ಕದಲ್ಲೇ ಹುಟ್ಟಿ, ಕುರಿಯ ವಾಸನೆಯಲ್ಲೇ ಕಣ್ಣು ಬಿಟ್ಟ ಆ ನಾಯಿ ಮಂದೆಯ ನಡುವೆ ಹಾದುಹೋಗುವಾಗ ಒಂದು ಕುರಿಯೂ ಬೆದರುವುದಿಲ್ಲ. ಅದೇ ಊರಿನಲ್ಲಿ, ಕಾಂಪೌಂಡಿನೊಳಗೆ ಬೆಳೆದ ನಾಯಿ ಆರು ತಿಂಗಳಿಗೆ ಮೊದಲ ಸಲ ಕುರಿ ಕಂಡರೆ ಬೆನ್ನಟ್ಟದೆ ಬಿಡದು. ರಕ್ತ ಒಂದೇ ಇರಬಹುದು, ಬೆಳೆದ ಹನ್ನೆರಡು ವಾರ ಬೇರೆ.

ಈ ಮಾತನ್ನು ತಳಿಯ ಮೋಹದವರಿಗೂ ಹೇಳಬೇಕು. ನಮ್ಮ ಮುಧೋಳ ನಾಯಿಗೆ 2005ರಲ್ಲಿ ಅಂಚೆಚೀಟಿ ಬಂತು, ರಾಜಪಾಳಯಂ ನಾಯಿಯೂ ಅದೇ ಸರಣಿಯಲ್ಲಿತ್ತು. ಮುಧೋಳ ತಾಲ್ಲೂಕಿನ ತಿಮ್ಮಾಪುರದಲ್ಲಿ ಅದಕ್ಕೊಂದು ಸಂಶೋಧನಾ ಕೇಂದ್ರವಿದೆ, ಸೇನೆಯೂ ಆ ತಳಿಯನ್ನು ಮೀರತ್ತಿನಲ್ಲಿ ತರಬೇತಿಗೆ ತೆಗೆದುಕೊಂಡಿತು. ಹೆಮ್ಮೆಪಡಲು ಇದೆಲ್ಲ ಸರಿ. ಆದರೆ ನಾಯಿಯ ಸ್ವಭಾವವನ್ನು ತಳಿಯ ಹೆಸರಿನಿಂದ ಊಹಿಸುವುದು ಹೆಚ್ಚುಕಡಿಮೆ ಕುರುಡು ಲೆಕ್ಕ. 18,000ಕ್ಕೂ ಹೆಚ್ಚು ನಾಯಿಗಳ ಮಾಹಿತಿ ಕಲೆಹಾಕಿದ 2022ರ ಅಧ್ಯಯನದಲ್ಲಿ ಒಂದು ನಾಯಿಗೂ ಇನ್ನೊಂದಕ್ಕೂ ನಡುವಿನ ವರ್ತನೆಯ ವ್ಯತ್ಯಾಸದಲ್ಲಿ ತಳಿ ವಿವರಿಸಿದ್ದು ಶೇ. 9ರಷ್ಟು ಮಾತ್ರ. ಅಂಗಡಿಯಲ್ಲಿ 'ಈ ಬ್ರೀಡು ಮಕ್ಕಳಿಗೆ ಒಳ್ಳೇದು ಸಾರ್' ಎಂದಾಗ ಈ ಒಂಬತ್ತನ್ನು ನೆನೆದರೆ ಸಾಕು.

ಹಾಗಾದರೆ ಎಂಟರಿಂದ ಹದಿನಾಲ್ಕನೇ ವಾರದವರೆಗೆ ಮಾಡಬೇಕಾದದ್ದೇನು? ಮುಂದೆ ಅದು ಬದುಕಬೇಕಾದ ಲೋಕವನ್ನು ಅದಕ್ಕೆ ಪರಿಚಯಿಸುವುದು, ಅಷ್ಟೇ. ಕುಕ್ಕರಿನ ಸಿಳ್ಳೆ, ಮಗ್ಗದ ಸದ್ದು, ಹೆಲ್ಮೆಟ್ ಹಾಕಿದ ಗಂಡಸು, ಕೋಲು ಹಿಡಿದ ಅಜ್ಜ, ಬುರ್ಖಾ ತೊಟ್ಟ ನೆರೆಮನೆಯಾಕೆ, ಓಡುವ ಮಕ್ಕಳು, ತೊಪ್ಪೂರು ಘಾಟಿಯಲ್ಲಿ ಹಾರನ್ ಹೊಡೆಯುವ ಲಾರಿ. ಆಡಿ ತಿಂಗಳಲ್ಲಿ ಸೇಲಂನ ಕೋಟೆ ಮಾರಿಯಮ್ಮನ ಹಬ್ಬಕ್ಕೆ ವಾದ್ಯ ಮೊಳಗುವಾಗ ಮರಿಯನ್ನು ಗುಡಿಯ ಮುಂದಕ್ಕೆ ಒಯ್ಯಬೇಡಿ. ಎರಡು ಬೀದಿ ಆಚೆ, ಮರಿ ಕಿವಿ ನಿಮಿರಿಸಿ ಕೇಳಿದರೂ ನೀವು ಕೊಟ್ಟ ಮೊಟ್ಟೆಯ ತುಣುಕು ತಿನ್ನುವಷ್ಟು ದೂರದಲ್ಲಿ ನಿಲ್ಲಿ. ತಿನ್ನದೆ ಮುಖ ತಿರುಗಿಸಿದರೆ ತೀರಾ ಹತ್ತಿರ ಬಂದಿದ್ದೀರಿ ಎಂದರ್ಥ. ದೀಪಾವಳಿಯ ಪಟಾಕಿಗೂ ಇದೇ ಅಳತೆ.

ಇಲ್ಲೊಂದು ತೊಡಕಿದೆ. ಲಸಿಕೆ ಪೂರ್ತಿಯಾಗದೆ ಹೊರಗೆ ಬಿಡಬೇಡಿ ಎನ್ನುತ್ತಾರೆ ಪಶುವೈದ್ಯರು, ಅದು ಸರಿಯೇ. 1978ರಲ್ಲಿ ಗುರುತಿಸಲಾದ ಪಾರ್ವೋ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ, ರಕ್ತಭೇದಿಯಾಗಿ ಮರಿಗಳು ಸಾಯುತ್ತವೆ. ಆರೆಂಟು ವಾರಕ್ಕೆ ಶುರುವಾಗುವ ಲಸಿಕೆಗಳ ಸರಣಿ ಹದಿನಾರನೇ ವಾರದವರೆಗೆ ನಡೆಯುತ್ತದೆ. ಅಂದರೆ ಲಸಿಕೆ ಮುಗಿಯುವಷ್ಟರಲ್ಲಿ ಮೊದಲ ಗಡಿಯಾರ ನಿಂತಿರುತ್ತದೆ! ದಾರಿ ಸರಳ: ಮರಿ ಲೋಕ ನೋಡಲಿ, ನೆಲ ಮುಟ್ಟುವುದು ಬೇಡ. ತೋಳಿನಲ್ಲೋ ಸೈಕಲ್ ಬುಟ್ಟಿಯಲ್ಲೋ ಕೂರಿಸಿ ಬಸ್‌ಸ್ಟ್ಯಾಂಡಿಗೆ, ಸಂತೆಯ ಅಂಚಿಗೆ ಕರೆದೊಯ್ಯಬಹುದು. ಲಸಿಕೆ ಹಾಕಿಸಿದ ನಾಯಿಯಿರುವ ನೆಂಟರ ಮನೆಗೂ ಹೋಗಬಹುದು. ಮೂರು ತಿಂಗಳಿಗೆ ಹುಚ್ಚುನಾಯಿ ರೋಗದ ಲಸಿಕೆಯನ್ನು ದನದ ಆಸ್ಪತ್ರೆಯಲ್ಲಿ ತಪ್ಪದೆ ಹಾಕಿಸಿ. ಜಗತ್ತಿನ ರೇಬಿಸ್ ಸಾವುಗಳಲ್ಲಿ ಶೇ. 36ರಷ್ಟು ನಮ್ಮ ದೇಶದವು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಬೀದಿಯಿಂದ ತಂದ ಮರಿ ಮಗುವನ್ನು ಪರಚಿದರೂ ಗಾಯವನ್ನು ಹರಿಯುವ ನೀರು, ಸೋಪಿನಲ್ಲಿ 15 ನಿಮಿಷ ತೊಳೆದು ಅವತ್ತೇ ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. 'ಮರಿ ಅಲ್ವಾ' ಎಂಬ ಸಮಾಧಾನಕ್ಕೆ ಇಲ್ಲಿ ಜಾಗವಿಲ್ಲ.

ಇನ್ನು ಎರಡನೇ ಗಡಿಯಾರ.

1898ರಲ್ಲಿ ಎಡ್ವರ್ಡ್ ಥಾರ್ನ್‌ಡೈಕ್ ಬೆಕ್ಕುಗಳನ್ನು ಪೆಟ್ಟಿಗೆಯಲ್ಲಿ ಕೂಡಿಹಾಕಿ, ಹಿತವಾದ ಫಲ ಕೊಟ್ಟ ನಡೆ ಮತ್ತೆ ಮತ್ತೆ ಮರಳುತ್ತದೆ ಎಂದು ತೋರಿಸಿದ. ಆಮೇಲೆ ಬಿ.ಎಫ್. ಸ್ಕಿನ್ನರ್ ಅದಕ್ಕೆ ಕಾಲದ ಲೆಕ್ಕ ಸೇರಿಸಿದ: ಫಲ ಎಷ್ಟು ಬೇಗ ಬಂದರೆ ಅಷ್ಟು ಗಟ್ಟಿ. ಕೂತ ಮರಿಗೆ ತಿಂಡಿ ಕೊಡಲು ನೀವು ಅಡುಗೆಮನೆಗೆ ಹೋಗಿ ಡಬ್ಬಿ ತೆಗೆದು ಬರುವಷ್ಟರಲ್ಲಿ ಅದು ಎದ್ದು, ನಿಮ್ಮ ಲುಂಗಿ ಹಿಡಿದು ಜಗ್ಗುತ್ತಿರುತ್ತದೆ. ತಿಂಡಿ ಸಿಕ್ಕಿದ್ದು ಲುಂಗಿ ಜಗ್ಗಿದ್ದಕ್ಕೆ ಎಂದೇ ಅದರ ತಿಳಿವಳಿಕೆ. ಆದ್ದರಿಂದ ತಿಂಡಿ ಕೈಯಲ್ಲೇ ಇರಲಿ. ಬೇಯಿಸಿದ ಮೊಟ್ಟೆಯೋ ಉಪ್ಪುಖಾರ ಹಾಕದ ಕೋಳಿಯೋ ಕಡಲೆಕಾಳಿನ ಗಾತ್ರಕ್ಕೆ ಹರಿದಿಟ್ಟುಕೊಂಡರೆ ಸಾಕು. ತುಣುಕನ್ನು ಮೂಗಿನ ಮುಂದೆ ಹಿಡಿದು ತಲೆಯ ಮೇಲಿನಿಂದ ಹಿಂದಕ್ಕೆ ಸರಿಸಿದರೆ ಮೂತಿ ಮೇಲೇಳುತ್ತದೆ, ಕುಂಡಿ ತಾನಾಗಿ ನೆಲಕ್ಕೆ ತಾಗುತ್ತದೆ. ತಾಗಿದ ಕ್ಷಣವೇ 'ಭೇಷ್' ಎಂದು ಬಾಯಿಗಿಡಿ. ಬೆನ್ನು ಒತ್ತಿ ಕೂರಿಸುವ ಅಗತ್ಯವೇ ಇಲ್ಲ.

ಉಚ್ಚೆಯ ಪಾಠವೂ ಈ ಲೆಕ್ಕದ್ದೇ. ಎದ್ದ ಕೂಡಲೇ, ತಿಂದ ಕೂಡಲೇ, ಆಡಿದ ಕೂಡಲೇ ಒಂದೇ ಜಾಗಕ್ಕೆ ಎತ್ತಿಕೊಂಡು ಹೋಗಿ, ಮಾಡಿದ ಮರುಕ್ಷಣ ಮೆಚ್ಚಿಕೊಳ್ಳಿ. ಎರಡು ತಿಂಗಳ ಮರಿ ಹಗಲಲ್ಲಿ ಎರಡು ಮೂರು ಗಂಟೆಗಿಂತ ಹೆಚ್ಚು ತಡೆಯಲಾರದು. ಗಂಟೆಯ ಹಿಂದೆ ಮಾಡಿದ್ದಕ್ಕೆ ಈಗ ಮೂಗು ತಿಕ್ಕಿಸಿದರೆ ಅದು ಕಲಿಯುವುದು ಒಂದನ್ನೇ: ಈ ಮನುಷ್ಯನ ಎದುರಿಗೆ ಉಚ್ಚೆ ಹೊಯ್ಯಬಾರದು. ಆಮೇಲೆ ಮಂಚದ ಕೆಳಗೆ ಹೋಗಿ ಮಾಡುತ್ತದೆ, ನಾವು 'ಕಳ್ಳ' ಎನ್ನುತ್ತೇವೆ. 'ತಪ್ಪು ಮಾಡಿದ್ದು ಅದಕ್ಕೆ ಗೊತ್ತು, ಮುಖ ನೋಡಿ' ಎನ್ನುವವರಿಗಾಗಿ ಅಲೆಕ್ಸಾಂಡ್ರಾ ಹಾರೊವಿಟ್ಜ್ 2009ರಲ್ಲಿ ಒಂದು ಚೆಂದದ ಪ್ರಯೋಗ ಪ್ರಕಟಿಸಿದಳು. ಆ ಅಪರಾಧಿ ಮುಖ ಬರುವುದು ನಾಯಿ ತಪ್ಪು ಮಾಡಿದ್ದರಿಂದಲ್ಲ, ಯಜಮಾನ ಗದರಿದ್ದರಿಂದ. ಏನೂ ಮಾಡದ ನಾಯಿಯನ್ನು ಗದರಿದರೂ ಅದೇ ಮುಖ.

ನಾವು ಕಲಿಸುತ್ತಿದ್ದೇವೆ ಎಂದುಕೊಳ್ಳದ ಹೊತ್ತಿನಲ್ಲೂ ಈ ಗಡಿಯಾರ ಓಡುತ್ತಲೇ ಇರುತ್ತದೆ. ಬೆಳ್ಳಿಯ ಕಾಲ್ಗೆಜ್ಜೆಗೆ ಸೇಲಂ ದೇಶಕ್ಕೇ ಹೆಸರುವಾಸಿ. ದಿನಾ ಅನ್ನ ಹಾಕುವಾಕೆಯ ಗೆಜ್ಜೆಯ ದನಿ ಕೋಣೆಯಲ್ಲಿ ಕೇಳಿದರೆ ಹಿತ್ತಿಲಿನ ನಾಯಿಯ ಬಾಯಲ್ಲಿ ನೀರೂರುತ್ತದೆ. ಪಾವ್ಲೊವ್ ಪ್ರಯೋಗಾಲಯದಲ್ಲಿ ಮೆಟ್ರೊನೋಮಿನ ಟಿಕ್ ಟಿಕ್ ಕೇಳಿಸಿ ಜೊಲ್ಲು ಅಳೆದನಲ್ಲ, ಅದೇ ಇದು. ಬೊಗಳಿದಾಗ ಸುಮ್ಮನಿರಲಿ ಎಂದು ಬಿಸ್ಕತ್ತು ಎಸೆಯುವ ಮನೆ, ಬೊಗಳುವ ನಾಯಿಯನ್ನು ತಾನೇ ತಯಾರು ಮಾಡುತ್ತಿರುತ್ತದೆ.

ಗಡಿಸೀಮೆಯ ಮನೆಗಳಲ್ಲಿ ಕೇಳಿಬರುವ ಚಿಂತೆಯೊಂದಿದೆ. ಸೇಲಂನ ದೇವಾಂಗ ನೇಕಾರರ ಮನೆಗಳಲ್ಲಿ, ಧರ್ಮಪುರಿಯ ಎಷ್ಟೋ ಹಳ್ಳಿಗಳಲ್ಲಿ ಒಳಗೆ ಕನ್ನಡ, ಬೀದಿಯಲ್ಲಿ ತಮಿಳು, ಮಕ್ಕಳ ಬಾಯಲ್ಲಿ 'ಸಿಟ್', 'ಕಮ್'. ನಾಯಿಗೆ ತಲೆ ಕೆಡುವುದಿಲ್ಲವೇ? ಭಾಷೆಯಿಂದ ಕೆಡುವುದಿಲ್ಲ. ಬುಡಾಪೆಸ್ಟಿನಲ್ಲಿ ಲಾರಾ ಕುವಾಯಾ ಮತ್ತು ಜತೆಗಾರರು 18 ನಾಯಿಗಳನ್ನು ಎಂಆರ್‌ಐ ಯಂತ್ರದಲ್ಲಿ ಮಲಗಿಸಿ ಸ್ಪ್ಯಾನಿಷ್, ಹಂಗೇರಿಯನ್ ಎರಡರಲ್ಲೂ ಕತೆ ಕೇಳಿಸಿದಾಗ, ಕೇಳಿ ಬೆಳೆದ ಭಾಷೆ ಯಾವುದು, ಹೊಸದು ಯಾವುದು ಎಂಬುದನ್ನು ನಾಯಿಗಳ ಮಿದುಳು ಬೇರ್ಪಡಿಸಿತು. ಅದೇ ಊರಿನ ಇನ್ನೊಂದು ಅಧ್ಯಯನದ ಪ್ರಕಾರ ಒಂದೆರಡು ಧ್ವನಿ ಮಾತ್ರ ಬದಲಾದ ಪದವನ್ನು ನಾಯಿ ಬೇರೆಯೆಂದು ಹಿಡಿಯುವುದೇ ಕಷ್ಟ. ಹಾಗಿರುವಾಗ ಅಜ್ಜಿಯ 'ಬಾ'ಗೂ ನೆರೆಯವರ 'ವಾ'ಗೂ ಅದು ಒಂದೇ ಕಿವಿಯಲ್ಲಿ ಓಡಿಬಂದರೆ ಅಚ್ಚರಿಯಿಲ್ಲ. ನಾಯಿ ಗೊಂದಲಕ್ಕೆ ಬೀಳುವುದು ಅಪ್ಪ ಸೋಫಾ ಹತ್ತಿದ್ದಕ್ಕೆ ಬೈದು ಮಗಳು ಅಲ್ಲೇ ಮುದ್ದಿಸಿದಾಗ. ಮನೆಮಂದಿಯೆಲ್ಲ ಒಂದು ಸಂಜೆ ಕೂತು ಯಾವುದಕ್ಕೆ ಯಾವ ಮಾತು, ಯಾವ ಕೈಸನ್ನೆ ಎಂದು ತೀರ್ಮಾನಿಸಿದರೆ ಬಹುಪಾಲು ಕೆಲಸ ಆದಂತೆ.

ಕೈಸನ್ನೆ ಎಂದೆ. ಮಾತು ಒಂದು, ಕೈ ಇನ್ನೊಂದು ಹೇಳಿದರೆ ನಾಯಿಗಳು ಹೆಚ್ಚಾಗಿ ಕೈಯನ್ನು ನಂಬುತ್ತವೆ. ಕೋಲ್ಕತ್ತದ ಐಸರ್ ಸಂಸ್ಥೆಯಲ್ಲಿ ಅನಿಂದಿತಾ ಭದ್ರ ಅವರ ತಂಡ ನಮ್ಮ ಬೀದಿನಾಯಿಗಳ ಬಗ್ಗೆ ವರ್ಷಗಳಿಂದ ಕೆಲಸ ಮಾಡುತ್ತಿದೆ. ಯಾರೂ ಪಳಗಿಸದ ಈ ನಾಯಿಗಳಿಗೆ ಎರಡು ಬಟ್ಟಲಲ್ಲಿ ಒಂದರತ್ತ ಅಪರಿಚಿತನೊಬ್ಬ ಬೆರಳು ತೋರಿಸಿದಾಗ, ಹತ್ತಿರ ಬಂದವುಗಳಲ್ಲಿ ಶೇ. 80ರಷ್ಟು ಬೆರಳು ತೋರಿದ ಕಡೆಗೇ ಹೋದವು. ಹೊಸಬರ ಮೇಲೆ ನಂಬಿಕೆ ಬೆಳೆಸಿಕೊಳ್ಳಲು ಅವುಗಳಿಗೆ ಪದೇ ಪದೇ ಸಿಕ್ಕ ತಿಂಡಿಗಿಂತ ಪದೇ ಪದೇ ಸಿಕ್ಕ ಮೈದಡವುವಿಕೆಯೇ ಹೆಚ್ಚು ನೆರವಾಯಿತು ಎಂಬುದೂ ಇದೇ ತಂಡ ಕಂಡದ್ದು. ಬೀದಿಮರಿ ದಡ್ಡ ಎನ್ನುವವರು ಇದನ್ನು ಓದಬೇಕು. ಇನ್ನು ದನಿಯ ಏರಿಳಿತ: ಪೆಟ್ರೀಶಿಯಾ ಮೆಕಾನಲ್ ಹಲವು ಭಾಷೆಗಳ ಕುರಿಗಾಹಿಗಳು, ಕುದುರೆಯವರು, ನಾಯಿಯವರ ಕೂಗುಗಳನ್ನು ಸಂಗ್ರಹಿಸಿ ನೋಡಿದಾಗ, ಪ್ರಾಣಿಯನ್ನು ಓಡಿಸಲು ಎಲ್ಲರೂ ಚಿಕ್ಕ ಚಿಕ್ಕ ಸದ್ದುಗಳನ್ನು ಮತ್ತೆ ಮತ್ತೆ ಹೊರಡಿಸುತ್ತಿದ್ದರು, ನಿಧಾನಗೊಳಿಸಲು ಒಂದೇ ಉದ್ದನೆಯ ಸದ್ದು. 'ಬಾ ಬಾ ಬಾ ಬಾ' ಎಂದು ಕರೆಯಿರಿ, 'ನಿಲ್ಲೂ...' ಎಂದು ಎಳೆಯಿರಿ. ಮಂದೆ ಕಾಯುವವರು ಹೀಗಲ್ಲದೆ ಬೇರೆ ಹೇಗೂ ಕರೆಯುವುದಿಲ್ಲ.

ಹೊಡೆತದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಪೋರ್ಚುಗಲ್ಲಿನ ತರಬೇತಿ ಶಾಲೆಗಳ 92 ನಾಯಿಗಳನ್ನು ಪರೀಕ್ಷಿಸಿದ 2020ರ ಅಧ್ಯಯನದಲ್ಲಿ, ಗದರಿಕೆ, ಸರಪಳಿ ಜಗ್ಗುವಿಕೆಯಿಂದ ಕಲಿತವುಗಳ ಜೊಲ್ಲಿನಲ್ಲಿ ಪಾಠದ ನಂತರ ಒತ್ತಡದ ಹಾರ್ಮೋನು ಹೆಚ್ಚಾಗಿತ್ತು. 'ನಾಯಿಗೆ ಯಾರು ಬಾಸ್ ಅಂತ ತೋರಿಸಬೇಕು' ಎಂಬ ವಾದಕ್ಕೆ ಆಧಾರವಾಗಿದ್ದುದು ಕೂಡಿಹಾಕಿದ ತೋಳಗಳ ಜಗಳ ನೋಡಿ 1947ರಲ್ಲಿ ಬರೆದ ಒಂದು ಪ್ರಬಂಧ. ಅದನ್ನು ಜನಪ್ರಿಯಗೊಳಿಸಿದ ಡೇವಿಡ್ ಮೆಕ್ ಎಂಬ ತೋಳತಜ್ಞನೇ, ಕಾಡಿನ ತೋಳಗುಂಪು ಎಂದರೆ ತಂದೆತಾಯಿ ಮತ್ತು ಮಕ್ಕಳ ಸಂಸಾರವೆಂದು 1999ರಲ್ಲಿ ತಿದ್ದಿ ಬರೆದ. ಅಷ್ಟಕ್ಕೇ ಈ ಮಾತು ಮುಗಿಯಬೇಕಿತ್ತು. ಟಿವಿಯವರು ಮುಗಿಯಗೊಡಲಿಲ್ಲ.

ಮರಿ ಬಾಯಿಗೆ ಹಾಕಿಕೊಳ್ಳುವ ವಸ್ತುಗಳು ಈ ಸೀಮೆಯಲ್ಲಿ ಬೇರೆಯೇ. ಹಲ್ಲು ಬರುವಾಗ ಕಡಿಯುವುದು ಸಹಜ, ಆದರೆ ಮಗ್ಗದ ಮನೆಯಲ್ಲಿ ನೂಲಿನ ಕಂಡಿಕೆ ಸಿಗದ ಹಾಗೆ ಮೇಲಿಡಬೇಕು. ನುಂಗಿದ ನೂಲು ಕರುಳನ್ನು ನೆರಿಗೆ ಹಿಡಿದು ಕೊಯ್ಯಬಲ್ಲದು. ಹಿಂದಿನಿಂದ ನೂಲು ನೇತಾಡುವುದು ಕಂಡರೆ ಎಳೆಯಬೇಡಿ, ನೇರ ಆಸ್ಪತ್ರೆಗೆ ಒಯ್ಯಿರಿ. ಸೇಲಂ ಮಾವಿನ ಕಾಲದಲ್ಲಿ ಗೊರಟೆ ಕರುಳಿನಲ್ಲಿ ಸಿಕ್ಕಿಕೊಳ್ಳುತ್ತದೆ. ಹಸಿ ಮರಗೆಣಸು ಮತ್ತು ಅದರ ಸಿಪ್ಪೆಯಲ್ಲಿ ಸಯನೈಡ್ ಹುಟ್ಟಿಸುವ ಅಂಶವಿದೆ. ಈರುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತದೆ. ಇನ್ನು ಹುಣಿಸೆ: ದ್ರಾಕ್ಷಿ ತಿಂದ ನಾಯಿಗಳ ಮೂತ್ರಪಿಂಡ ಕೆಡುವುದೇಕೆಂದು ಹುಡುಕುತ್ತಿದ್ದವರಿಗೆ ಟಾರ್ಟಾರಿಕ್ ಆಮ್ಲದ ಮೇಲೆ ಅನುಮಾನ ಬಂತು, ಹುಣಿಸೆಹಣ್ಣು ತಿಂದು ಹಾಗೆಯೇ ಆದ ನಾಯಿಗಳ ವರದಿ 2022ರಲ್ಲಿ ಪ್ರಕಟವಾಯಿತು. ಧರ್ಮಪುರಿ ಹುಣಿಸೆಯ ಸೀಮೆ. ಹುಳಿಯನ್ನ ಕಲಸಿ ನಾಯಿಗೆ ಹಾಕುವ ರೂಢಿ ಬಿಟ್ಟು ರಾಗಿಮುದ್ದೆಗೆ ಒಂದು ಮೊಟ್ಟೆ ಕಲಸಿದರೆ ಖರ್ಚೂ ಹೆಚ್ಚಲ್ಲ.

ಪಾಠ ಚಿಕ್ಕದಿರಲಿ. ವಾರಕ್ಕೊಮ್ಮೆ ಕಲಿತ ಬೀಗಲ್ ನಾಯಿಗಳು ವಾರಕ್ಕೆ ಐದು ದಿನ ಕಲಿತವಕ್ಕಿಂತ ಕಡಿಮೆ ಪಾಠಗಳಲ್ಲಿ ಅದೇ ಕೆಲಸ ಕಲಿತವು ಎಂದು ಡೆನ್ಮಾರ್ಕಿನ ಮೇಯರ್ ಮತ್ತು ಲಾಡವಿಗ್ 2008ರಲ್ಲಿ ತೋರಿಸಿದರು. ಕಲಿತದ್ದು ಮಿದುಳಿನಲ್ಲಿ ನೆಲೆಗೊಳ್ಳಲು ಬಿಡುವು ಬೇಕು. ಏಪ್ರಿಲ್ಲಿನ ಸೇಲಂ ಬಿಸಿಲಲ್ಲಂತೂ ಬೆಳಗ್ಗೆ ಏಳರೊಳಗೆ ಐದು ನಿಮಿಷ, ಸಂಜೆ ನೆಲ ತಣಿದ ಮೇಲೆ ಐದು ನಿಮಿಷ. ಡಾಂಬರಿನ ಮೇಲೆ ನಿಮ್ಮ ಅಂಗೈ ಇಡಲಾಗದಿದ್ದರೆ ಅದರ ಪಾದವನ್ನೂ ಇಡಿಸಬೇಡಿ.

ಎಲ್ಲ ಸರಿಯಾಯಿತು ಎನ್ನುವಾಗ ಎಂಟನೇ ತಿಂಗಳು ಬರುತ್ತದೆ. ಕರೆದರೆ ಬರುತ್ತಿದ್ದ ನಾಯಿ ನಿಂತು ನೋಡಿ ತಿರುಗಿಕೊಂಡು ಹೋಗುತ್ತದೆ. ಬ್ರಿಟನ್ನಿನ ಲೂಸಿ ಆಶರ್ ತಂಡ 2020ರಲ್ಲಿ ಇದನ್ನು ಅಳೆಯಿತು. ಐದು ತಿಂಗಳಲ್ಲಿ ಹೇಳಿದಾಗ ಕೂರುತ್ತಿದ್ದ ನಾಯಿಗಳೇ ಎಂಟನೇ ತಿಂಗಳಲ್ಲಿ ಸಾಕಿದವರ ಮಾತನ್ನು ಕಡಿಮೆ ಕೇಳಿದವು, ಅಪರಿಚಿತರ ಮಾತನ್ನು ಕೇಳಿದವು. ವರ್ಷ ತುಂಬುವ ಹೊತ್ತಿಗೆ ಅದು ಸರಿಹೋಯಿತು. ಹರೆಯ ಅಷ್ಟೇ. ನಮ್ಮಲ್ಲಿ ನಾಯಿಯನ್ನು ಶಾಶ್ವತವಾಗಿ ಕಟ್ಟಿಹಾಕುವುದು, ತೋಟದ ಮನೆಗೆ ದಾಟಿಸುವುದು, ಘಾಟಿಯಲ್ಲಿ ಬಿಟ್ಟುಬರುವುದು ಹೆಚ್ಚಾಗಿ ಈ ತಿಂಗಳುಗಳಲ್ಲೇ. 'ಟ್ರೈನರ್ ಹತ್ತಿರ ಎರಡು ತಿಂಗಳು ಬಿಡೋಣ' ಎಂಬ ಯೋಚನೆ ಬರುವುದೂ ಆಗಲೇ. ಅಲ್ಲಿ ಅದು ಕೂರುತ್ತದೆ, ನಿಲ್ಲುತ್ತದೆ, ಕೈ ಕೊಡುತ್ತದೆ, ಟ್ರೈನರ್ ವಿಡಿಯೊ ಕಳಿಸುತ್ತಾರೆ. ಎಂಟನೇ ತಿಂಗಳಲ್ಲಿ ಅಪರಿಚಿತರ ಮಾತು ಕೇಳುವುದು ಅದಕ್ಕೆ ಹೇಗೂ ಸುಲಭ. ಮನೆಗೆ ಬಂದ ಮೇಲೆ ನಿಮ್ಮ ಮಾತು ಕೇಳಬೇಕಾದರೆ ಪಾಠದ ಹೊತ್ತಿಗೆ ತುಣುಕು ಹಿಡಿದು ಅದರ ಮುಂದೆ ನಿಂತವರು ನೀವಾಗಿರಬೇಕು. 'ಓನರ್ ಎದುರಿಗಿದ್ದರೆ ನಾಯಿ ಕಲಿಯೋದಿಲ್ಲ' ಎನ್ನುವ ಟ್ರೈನರ್ ಸಿಕ್ಕರೆ ಮುಂಗಡ ಕೊಡುವ ಮೊದಲೇ ನಾಯಿಯನ್ನು ಕರೆದುಕೊಂಡು ಮನೆಗೆ ಬನ್ನಿ.